ಕೂಡುದಾರಿಗೆ ಶಿಸ್ತು ತಂದ ಈನೋ

ನಾಲ್ಕು ಓಣಿಗಳು ಕೂಡುವ ಮೂಲೆಯಲ್ಲಿ ಮೊದಲು ಯಾರು ಹೋಗಬೇಕು, ಯಾರು ನಿಲ್ಲಬೇಕು ಎಂಬುದು ನೋಡಲು ತೀರ ಸಣ್ಣ ಪ್ರಶ್ನೆ. ಆ ಪ್ರಶ್ನೆಯ ಬೆನ್ನು ಹತ್ತಿ ಅರ್ಧ ಆಯುಷ್ಯವನ್ನೇ ಸವೆಸಿದ ಪುರುಷನೊಬ್ಬನಿದ್ದನು. ಅವನೇ ವಿಲಿಯಮ್ ಫೆಲ್ಪ್ಸ್ ಈನೋ. ಹೊಟ್ಟೆ ಉಬ್ಬರಕ್ಕೆ ನೀರಿನಲ್ಲಿ ಕದಡಿ ಕುಡಿಯುವ ಈನೋ ಪುಡಿಗೂ ಇವನಿಗೂ ಯಾವ ಸಂಬಂಧವೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು!

ಈನೋ ಹುಟ್ಟಿದ್ದು 1858ರಲ್ಲಿ, ಅಮೇರಿಕೆಯ ನ್ಯೂಯಾರ್ಕ ನಗರದ ಶ್ರೀಮಂತ ಮನೆತನದಲ್ಲಿ. 1867ರಲ್ಲಿ, ಒಂಬತ್ತರ ಬಾಲಕನು ತಾಯಿಯೊಡನೆ ಕುದುರೆಗಾಡಿಯಲ್ಲಿ ಹೋಗುತ್ತಿರಲು ಒಮ್ಮೆಲೆ ದಾರಿ ಕಟ್ಟಿತು. ಸಿಕ್ಕಿಕೊಂಡ ಗಾಡಿಗಳು ಹತ್ತು-ಹನ್ನೆರಡಕ್ಕಿಂತ ಹೆಚ್ಚಿರಲಿಲ್ಲ. ಆದರೂ ಯಾವುದು ಹಿಂದೆ ಸರಿಯಬೇಕು, ಯಾವುದು ಮುಂದೆ ಹೋಗಬೇಕು ಎಂಬುದು ಗಾಡಿ ಹೊಡೆಯುವವರಿಗೂ ತಿಳಿಯದು, ಪೊಲೀಸರಿಗೂ ತಿಳಿಯದು. ಬೀದಿಗಳಿಗೆ ಮೋಟಾರು ಇನ್ನೂ ಬಂದಿರದ ಕಾಲವದು! ಇಕ್ಕಟ್ಟಿಗೆ ಕಾರಣ ವಾಹನಗಳ ಸಂಖ್ಯೆಯಲ್ಲ, ನಿಯಮದ ಅಭಾವ ಎಂಬ ವಿಚಾರವು ಆ ಎಳೆಯ ಮನಸ್ಸಿನಲ್ಲಿ ಬೇರೂರಿತು.

ಯೇಲ್ ವಿದ್ಯಾಪೀಠದಲ್ಲಿ ಓದಿ, ತಂದೆಯ ಆಸ್ತಿ ವ್ಯವಹಾರವನ್ನು ಕೆಲವು ಕಾಲ ನೋಡಿಕೊಂಡು, ನಾಲ್ವತ್ತು ದಾಟಿದ ಮೇಲೆ ಅದನ್ನು ಬಿಟ್ಟನು. 1900ರಲ್ಲಿ ಬೀದಿ ಸಂಚಾರದ ಸುಧಾರಣೆಯನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದನು. ಅವನು ರಚಿಸಿದ ನಿಯಮಗಳನ್ನು 1903ರಲ್ಲಿ ನ್ಯೂಯಾರ್ಕಿನ ಪೊಲೀಸರು ಜಾರಿಗೆ ತಂದರು. ನಿಧಾನ ಹೋಗುವ ಗಾಡಿಗಳು ರಸ್ತೆಯ ಅಂಚಿನಲ್ಲಿರಬೇಕು, ತಿರುಗುವ ಮುನ್ನ ಚಾಬೂಕನ್ನಾಗಲಿ ಕೈಯನ್ನಾಗಲಿ ಎತ್ತಿ ಹಿಂದಿನವನಿಗೆ ತಿಳಿಸಬೇಕು. ಇಂದು ಮಕ್ಕಳಿಗೂ ಗೊತ್ತಿರುವ ಮಾತುಗಳಿವು, ಅಂದು ಹೊಸವು. ಈನೋ ಇವನ್ನು ಚಿಕ್ಕ ಪತ್ರಕದಲ್ಲಿ ಅಚ್ಚು ಹಾಕಿಸಿ ಗಾಡಿಯವರ ಕೈಗೆ ಮುಟ್ಟುವಂತೆ ಮಾಡಿದನು. ನಿಯಮ ಮಾಡಿದವರು ಅನೇಕರು. ಅದನ್ನು ಪಾಲಿಸಬೇಕಾದವನಿಗೆ ತಿಳಿಸಲು ಇಷ್ಟು ದುಡಿದವರು ವಿರಳ. ಅವನ ದೊಡ್ಡಸ್ತಿಕೆ ಇದರಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ವೃತ್ತದಲ್ಲಿ, 1907ರಲ್ಲಿ ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತಲೂ, ವಾಹನಗಳು ಒಂದೇ ದಿಕ್ಕಿನಲ್ಲಿ ಸುತ್ತಿ ಹೋಗುವ ಪದ್ಧತಿ ಬಂದಿತು. ಎರಡರಲ್ಲೂ ಈನೋನ ಸಲಹೆಯಿತ್ತು. ಇಷ್ಟಾಗಿಯೂ ಈ ಮಹಾಶಯನು ಮೋಟಾರು ಓಡಿಸಲು ಕಲಿಯಲೇ ಇಲ್ಲವಂತೆ!

ನಿಲ್ಲು ಎಂಬ ಫಲಕದ ಜನಕನೆಂದೂ ಇವನನ್ನು ಕರೆಯುವುದುಂಟು. ಅಂಥ ಮೊದಲನೆಯ ಫಲಕವು ನಿಂತದ್ದು 1915ರಲ್ಲಿ, ಡೆಟ್ರಾಯಿಟ್ ನಗರದಲ್ಲಿ; ಬಿಳಿಯ ಹಲಗೆ, ಕರಿಯ ಅಕ್ಷರ. 1923ರಲ್ಲಿ ಅಮೇರಿಕೆಯ ರಸ್ತೆ ಅಧಿಕಾರಿಗಳು ಅದಕ್ಕೆ ಎಂಟು ಮೂಲೆಯ ಆಕಾರವನ್ನು ಸೂಚಿಸಿದರು. ಬೇರೆ ಯಾವ ಫಲಕಕ್ಕೂ ಆ ಆಕಾರವಿಲ್ಲದ್ದರಿಂದ ಹಿಂದಿನಿಂದ ನೋಡಿದರೂ ಗುರುತು ಸಿಗುತ್ತದೆ, ಅಕ್ಷರ ಬಾರದವನಿಗೂ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗನು; ಓದು ಬಾರದೆ ಚಕ್ಕಡಿ ಹೊಡೆದ ಹಿರಿಯರನ್ನು ನೆನೆದಾಗ ಈ ಎಂಟು ಮೂಲೆಯ ಬೆಲೆ ನನಗೆ ಅರಿವಾಗುತ್ತದೆ.

ಫಲಕವನ್ನು ಎಲ್ಲೆಂದರಲ್ಲಿ ನೆಟ್ಟರೆ ಅದರ ಮಾನ ಉಳಿಯುವುದಿಲ್ಲ. ವೇಗವನ್ನು ತಗ್ಗಿಸುವುದಕ್ಕಾಗಿ ಅದನ್ನು ಬಳಸಬಾರದೆಂದೂ, ವಾಹನಗಳೆಷ್ಟು, ಅಪಘಾತಗಳೆಷ್ಟು, ಮೂಲೆಯಲ್ಲಿ ಎಷ್ಟು ದೂರ ಕಣ್ಣು ಹಾಯುತ್ತದೆ ಎಂಬುದನ್ನು ಪರಿಶೀಲಿಸಬೇಕೆಂದೂ ಇಂದಿನ ಅಮೇರಿಕೆಯ ಕೈಪಿಡಿ ತಿಳಿಸುತ್ತದೆ. ನಮ್ಮಲ್ಲಿ ಶಿರಗುಪ್ಪಿಯಂಥ ಊರಿರಲಿ, ಹುಬ್ಬಳ್ಳಿಯ ಬಡಾವಣೆಯಿರಲಿ, ಅಪಘಾತವಾದ ಮರುದಿನ ಹಂಪ್ಸು ಹಾಕಿರೆಂದು ಕೂಗುತ್ತೇವೆ. ಮೂಲೆಯಲ್ಲಿ ನೋಟವನ್ನು ಮುಚ್ಚಿದ ಗೋಡೆಯೋ, ನಿಲ್ಲಿಸಿದ ಗಾಡಿಯೋ ಹಾಗೆಯೇ ಉಳಿಯುತ್ತದೆ. ಫಲಕವಾಗಲಿ ಪೊಲೀಸರಾಗಲಿ ಇಲ್ಲದ ಕೂಡುದಾರಿಯಲ್ಲಿ ಮುಖ್ಯ ರಸ್ತೆಯವನಿಗೆ, ಅದೂ ಇಲ್ಲದಿದ್ದರೆ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕೆಂದು 1989ರಲ್ಲಿಯೇ ನಮ್ಮ ದೇಶದ ರಸ್ತೆ ನಿಯಮಗಳು ವಿಧಿಸಿದವು. ಲೈಸೆನ್ಸ್ ಕಿಸೆಯಲ್ಲಿಟ್ಟುಕೊಂಡ ಗೆಳೆಯರು ಇದನ್ನು ಒಬ್ಬರನ್ನೊಬ್ಬರು ಕೇಳಿ ನೋಡಬಹುದು. ಸಂಜೆ ಆ ಮೂಲೆಗಳನ್ನು ದಾಟುವವರು ಶಾಲೆ ಬಿಟ್ಟ ಮಕ್ಕಳು.

ಈನೋ 1921ರಲ್ಲಿ ಸಂಚಾರ ವಿಷಯದ ಅಭ್ಯಾಸಕ್ಕಾಗಿ ತನ್ನ ಹೆಸರಿನ ಸಂಸ್ಥೆಯೊಂದನ್ನು ಕಟ್ಟಿ, 1945ರ ಡಿಸೆಂಬರಿನಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಮೇರಿಕೆಯಲ್ಲಿ ನಿಲ್ಲು ಫಲಕಕ್ಕೆ ಕೆಂಪು ಬಣ್ಣವು ಗೊತ್ತಾದದ್ದು ಮತ್ತೆ ಒಂಬತ್ತು ವರ್ಷಗಳ ಮೇಲೆ, 1954ರಲ್ಲಿ.