ಹಾರುವ ಓತಿಯ ಬೆನ್ನು ಹತ್ತಿದ ತೇಜಸ್ವಿ

ಮಕ್ಕಳೇ, ಚಿತ್ರದುರ್ಗದ ಕೋಟೆಗೆ ಹೋದಾಗ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಕುಳಿತ ಓತಿಯನ್ನು ನೋಡಿದ್ದೀರಾ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹೊಲದ ಬೇಲಿಗಳಲ್ಲಿ ತಲೆ ಕುಣಿಸುವ ಓತಿಕ್ಯಾತವಂತೂ ನಿಮಗೆಲ್ಲ ಗೊತ್ತೇ ಇದೆ. ಅದು ನಮ್ಮನ್ನು ಅಣಕಿಸುತ್ತದೆ ಎಂದು ಕಲ್ಲು ಹೊಡೆಯುವವರೂ ಇದ್ದಾರೆ. ಆದರೆ ಇದೇ ಓತಿಯ ಬಂಧುವೊಂದನ್ನು ಹುಡುಕಿಕೊಂಡು ಹೋಗುವ ಸೊಗಸಾದ ಕಥೆಯನ್ನು ಒಬ್ಬ ಕನ್ನಡ ಲೇಖಕರು ಬರೆದಿದ್ದಾರೆ. ಅವರೇ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿಯವರು 1938ರ ಸೆಪ್ಟೆಂಬರ್ 8ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿದರು. ತಂದೆ ಮಹಾಕವಿ ಕುವೆಂಪು, ತಾಯಿ ಹೇಮಾವತಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದ ಅವರು ನೌಕರಿಯ ಹಿಂದೆ ಹೋಗಲಿಲ್ಲ. ಚಿತ್ರದುರ್ಗಕ್ಕೆ ಹೊಂದಿಕೊಂಡಿರುವ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಹೋಗಿ ಕಾಫಿ ಬೆಳೆಗಾರರಾದರು. ಕಾಡು ಸುತ್ತುವುದು, ಮೀನು ಹಿಡಿಯುವುದು, ಹಕ್ಕಿಗಳ ಫೋಟೊ ತೆಗೆಯುವುದು ಅವರ ಹವ್ಯಾಸ. ಅವರ 'ಪರಿಸರದ ಕಥೆ'ಯಲ್ಲಿ ಕಿವಿ ಎಂಬ ನಾಯಿಯೂ ಒಂದು ಪಾತ್ರ.

1980ರಲ್ಲಿ 'ಕರ್ವಾಲೊ' ಎಂಬ ಅವರ ಕಿರು ಕಾದಂಬರಿ ಬಂತು. ಕರ್ವಾಲೊ ಒಬ್ಬ ವಿಜ್ಞಾನಿ. ಬಹು ಪ್ರಾಚೀನ ಕಾಲದಿಂದ ಉಳಿದು ಬಂದಿರುವ ಹಾರುವ ಓತಿಯೊಂದು ಮಲೆನಾಡಿನಲ್ಲಿದೆ ಎಂದು ಅವರು ನಂಬಿರುತ್ತಾರೆ. ಆದರೆ ಅದನ್ನು ಕಣ್ಣಾರೆ ಕಂಡವನು ಹೆಚ್ಚು ಓದದ ಹಳ್ಳಿಯ ಯುವಕ ಮಂದಣ್ಣ! ಜೇನುಹುಳುಗಳ ಸ್ವಭಾವ ಬಲ್ಲ ಅವನ ಮಾತನ್ನು ವಿಜ್ಞಾನಿ ಗೌರವದಿಂದ ಕೇಳುತ್ತಾರೆ. ಎಲ್ಲರೂ ಕೂಡಿ ಕಾಡು ಹೊಗುತ್ತಾರೆ. ಓತಿ ಕಾಣುತ್ತದೆ, ಆದರೆ ಕೈಗೆ ಸಿಗದೆ ಕಣಿವೆಯೊಳಗೆ ತೇಲಿ ಹೋಗುತ್ತದೆ.

ಹಾರುವ ಓತಿ ನಿಜವಾಗಿಯೂ ಇದೆಯೇ? ಇದೆ. ಪಶ್ಚಿಮ ಘಟ್ಟದ ಕಾಡು ಮತ್ತು ಅಡಿಕೆ ತೋಟಗಳಲ್ಲಿ ಅದು ವಾಸಿಸುತ್ತದೆ. ಇರುವೆಗಳು ಅದರ ಮುಖ್ಯ ಆಹಾರ. ಅದರ ಕೆಲವು ಪಕ್ಕೆಲುಬುಗಳು ಉದ್ದವಾಗಿ ಬೆಳೆದಿವೆ. ಅವುಗಳನ್ನು ಅಗಲಿಸಿದಾಗ ಮೇಲಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಆಗ ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿಕೊಂಡು ಹೋಗುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿಯಲಾರದು.

ಹಾಗಾದರೆ ಹಕ್ಕಿಗಳು ಈ ಓತಿಯಿಂದ ಬಂದವೇ? ಇಲ್ಲ. ಹಕ್ಕಿಯ ರೆಕ್ಕೆ ಎಂದರೆ ಮಾರ್ಪಾಡಾದ ಮುಂಗಾಲು. ಓತಿಯ ರೆಕ್ಕೆಗೆ ಆಧಾರ ಪಕ್ಕೆಲುಬು. ಬಾವಲಿಯ ರೆಕ್ಕೆಗೆ ಆಧಾರ ಅದರ ಉದ್ದನೆಯ ಬೆರಳುಗಳು. ಗಾಳಿಯಲ್ಲಿ ಸಾಗಲು ಮೂರೂ ಬೇರೆ ಬೇರೆ ದಾರಿ ಹಿಡಿದಿವೆ. ತಲೆಮಾರಿನಿಂದ ತಲೆಮಾರಿಗೆ ಜೀವಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಕಾಣಿಸಿಕೊಳ್ಳುತ್ತವೆ. ಬದುಕಲು ನೆರವಾಗುವ ವ್ಯತ್ಯಾಸಗಳು ಮುಂದಿನ ಪೀಳಿಗೆಗಳಲ್ಲಿ ಹೆಚ್ಚುತ್ತವೆ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತಮ್ಮ ಪುಸ್ತಕದಲ್ಲಿ ವಿವರಿಸಿದ ಜೀವವಿಕಾಸದ ಮುಖ್ಯ ವಿಚಾರ ಇದೇ.

ಬೇಲಿಯ ಓತಿಕ್ಯಾತ, ಕೋಟೆಯ ಬಂಡೆ ಓತಿ, ಮಲೆನಾಡಿನ ಹಾರುವ ಓತಿ ಮೂರೂ ಒಂದೇ ಕುಟುಂಬಕ್ಕೆ ಸೇರಿದವು. ಬಹು ಹಿಂದೆ ಇವಕ್ಕೆಲ್ಲ ಒಂದೇ ಪೂರ್ವಜ ಇತ್ತು. ಒಂದು ಬಂಡೆಯ ಬದುಕಿಗೆ ಹೊಂದಿಕೊಂಡಿತು, ಇನ್ನೊಂದು ಮರದ ಬದುಕಿಗೆ.

ತೇಜಸ್ವಿಯವರು ಮನುಷ್ಯನ ವಿಕಾಸದ ಬಗ್ಗೆ 'ಮಿಸ್ಸಿಂಗ್ ಲಿಂಕ್' ಎಂಬ ಪುಸ್ತಕವನ್ನೂ ಬರೆದರು. 'ಚಿದಂಬರ ರಹಸ್ಯ' ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ನೀವು ಹುಟ್ಟುವ ಮೊದಲೇ, 2007ರ ಏಪ್ರಿಲ್ 5ರಂದು, ಅವರು ಮೂಡಿಗೆರೆಯಲ್ಲಿ ನಿಧನರಾದರು.

ಓತಿಕ್ಯಾತ ತಲೆ ಕುಣಿಸುವುದು ಅಣಕಿಸಲು ಅಲ್ಲ. ಇದು ತನ್ನ ಜಾಗ ಎಂದು ಗಂಡು ಓತಿ ಬೇರೆ ಗಂಡುಗಳಿಗೆ ಹೀಗೆ ತಿಳಿಸುತ್ತದೆ. ನಾಳೆ ಬೇಲಿಯಲ್ಲಿ ಓತಿ ಕಂಡರೆ ಕೈಯಲ್ಲಿನ ಕಲ್ಲು ಕೆಳಗಿಟ್ಟು ಹತ್ತು ನಿಮಿಷ ಸುಮ್ಮನೆ ಗಮನಿಸಿ. ಅದರ ಬಣ್ಣ ಹೇಗಿದೆ? ಅದು ಏನು ತಿನ್ನುತ್ತದೆ? ಕಂಡದ್ದನ್ನು ನೋಟ್ ಪುಸ್ತಕದಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ. ಕಥೆಯ ಮಂದಣ್ಣನೂ ಮಾಡಿದ್ದು ಇಷ್ಟೇ: ಕಣ್ಣು ತೆರೆದು ನೋಡಿದ್ದ.