ಕಾಡನ್ನು ಓದಿದ ಕಾರ್ಬೆಟ್

ಹಿಮಾಲಯದ ತಪ್ಪಲಿನಲ್ಲಿ, ಇಂದಿನ ಉತ್ತರಾಖಂಡ ರಾಜ್ಯಕ್ಕೆ ಸೇರಿದ ಕುಮಾವೂಂ ಎಂಬ ಪ್ರಾಂತವಿದೆ. ಮೇಲೆ ದೇವದಾರು, ಓಕ್ ಮರಗಳ ತಂಪಾದ ಬೆಟ್ಟಗಳು. ಕೆಳಗೆ ದಟ್ಟವಾದ ಕಾಡು, ಕಲ್ಲುಹಾಸಿನ ಮೇಲೆ ಹರಿಯುವ ತಿಳಿನೀರಿನ ಹೊಳೆಗಳು. ಈ ನಾಡಿನಲ್ಲಿ ಒಂದು ದಿನ ಆರು ವರ್ಷದ ಹುಡುಗನೊಬ್ಬನೂ ಅವನ ನಾಲ್ಕು ವರ್ಷದ ತಮ್ಮನೂ ರೊಚ್ಚಿಗೆದ್ದ ಹೆಣ್ಣು ಕರಡಿಯೊಂದರ ಬಾಯಿಗೆ ಸಿಕ್ಕುವುದರಲ್ಲಿದ್ದರು. ಅವರನ್ನು ಉಳಿಸಿದುದು ರಾಬಿನ್ ಎಂಬ ಮನೆಯ ನಾಯಿ. ಅದು ತನ್ನ ಪ್ರಾಣದ ಹಂಗು ತೊರೆದು ಕರಡಿಗೆ ಅಡ್ಡವಾಯಿತು. ಆ ಹುಡುಗನು ಮುಂದೆ ದೊಡ್ಡವನಾಗಿ ಲೋಕಪ್ರಸಿದ್ಧನಾದನು. ಆದರೆ ಆ ನಾಯಿಯ ಋಣವನ್ನು ಅವನು ಎಂದಿಗೂ ಮರೆಯಲಿಲ್ಲ. ಅವನೇ ಜಿಮ್ ಕಾರ್ಬೆಟ್.

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಹುಟ್ಟಿದುದು 1875ರ ಜುಲೈ 25ರಂದು, ನೈನಿತಾಲ್ ಎಂಬ ಬೆಟ್ಟದ ಊರಿನಲ್ಲಿ. ತಂದೆ ಕ್ರಿಸ್ಟೊಫರ್ ಕಾರ್ಬೆಟ್ ಅಲ್ಲಿಯ ಅಂಚೆಕಚೇರಿಯ ಅಧಿಕಾರಿಯಾಗಿದ್ದರು. ತಾಯಿ ಮೇರಿ ಜೇನ್. ಜಿಮ್‌ಗೆ ಆರು ವರ್ಷ ತುಂಬುವ ಮೊದಲೇ, 1881ರಲ್ಲಿ ತಂದೆ ತೀರಿಕೊಂಡರು. ದೊಡ್ಡ ಸಂಸಾರದ ಹೊರೆ ತಾಯಿಯ ಮೇಲೆಯೂ ಹಿರಿಯ ಮಗ ಟಾಮ್‌ನ ಮೇಲೆಯೂ ಬಿದ್ದಿತು. ಬೇಸಗೆಯಲ್ಲಿ ನೈನಿತಾಲ್, ಚಳಿಗಾಲದಲ್ಲಿ ತಪ್ಪಲಿನ ಕಾಲಾಧೂಂಗಿ ಎಂಬ ಹಳ್ಳಿ, ಹೀಗೆ ಆ ಸಂಸಾರದ ವಾಸ. ಕಾಲಾಧೂಂಗಿಯ ಮನೆಯ ಸಮೀಪದಲ್ಲಿಯೇ ಕಾಡು ಆರಂಭವಾಗುತ್ತಿತ್ತು. ಬಾಲಕ ಜಿಮ್‌ನ ನಿಜವಾದ ಪಾಠಶಾಲೆ ಅದೇ ಆಯಿತು.

ಈ ಶಾಲೆಯಲ್ಲಿ ಅವನಿಗೆ ಹಲವರು ಗುರುಗಳಿದ್ದರು. ಅಣ್ಣ ಟಾಮ್ ಅವನಿಗೆ ರಬ್ಬರಿನ ಕವಣೆಯೊಂದನ್ನು ಕೊಟ್ಟನು. ಬಂಧುವೊಬ್ಬರು ಕುಮಾವೂಂ ಹಕ್ಕಿಗಳ ಬಗೆಗೆ ಪುಸ್ತಕ ಸಿದ್ಧಪಡಿಸುತ್ತಿದ್ದರು. ಅವರಿಗೆ ಹಕ್ಕಿಗಳನ್ನು ತಂದುಕೊಡುವ ಕೆಲಸ ಜಿಮ್‌ನದಾಯಿತು. ಅದಕ್ಕೆ ಪ್ರತಿಯಾಗಿ ಅವನಿಗೆ ಹಳೆಯ ಜೋಡುನಳಿಗೆಯ ಕೋವಿಯೊಂದು ದೊರೆಯಿತು. ಎರಡು ನಳಿಗೆಗಳಲ್ಲಿ ಒಂದು ಸೀಳಿಹೋಗಿದ್ದಿತು. ಕುಂವರ್ ಸಿಂಗ್ ಎಂಬ ಹಳ್ಳಿಯ ಮುಖಂಡನು ಕಳ್ಳಬೇಟೆಯಲ್ಲಿ ಎತ್ತಿದ ಕೈ. ಅವನು ಜಿಮ್‌ಗೆ ಕಾಡಿನಲ್ಲಿ ನಡೆಯುವ ಬಗೆಯನ್ನೂ ಮರವೇರಿ ಪ್ರಾಣ ಉಳಿಸಿಕೊಳ್ಳುವ ಉಪಾಯವನ್ನೂ ಕಲಿಸಿದನು.

ಎಲ್ಲರಿಗಿಂತ ದೊಡ್ಡ ಗುರುಗಳೆಂದರೆ ಕಾಡಿನ ಪ್ರಾಣಿಗಳೇ. ಜಿಮ್ ಹಕ್ಕಿಗಳನ್ನು ಅವುಗಳ ಬಣ್ಣದಿಂದ ಮಾತ್ರವಲ್ಲ, ಅವು ಮಾಡುವ ಕೆಲಸದಿಂದಲೂ ಗುರುತಿಸಿದನು. ಕೆಲವು ಕಾಡಿಗೆ ಚೆಲುವು ತರುವವು, ಕೆಲವು ಹಾಡುವವು, ಕೆಲವು ಬೀಜ ಹರಡಿ ಕಾಡನ್ನು ಬೆಳೆಸುವವು, ಕೆಲವು ಅಪಾಯ ಬಂದಾಗ ಎಚ್ಚರಿಸುವವು, ಕೆಲವು ಜೀವಿಗಳ ಸಂಖ್ಯೆಯನ್ನು ಹದದಲ್ಲಿಡುವವು, ಕೆಲವು ಸತ್ತುದನ್ನು ತಿಂದು ನೆಲವನ್ನು ಶುಚಿಗೊಳಿಸುವವು. ಹುಲಿ ಚಿರತೆಗಳು ಸಂಚರಿಸುವಾಗ ಮುಸುವ, ಚುಕ್ಕೆಜಿಂಕೆ, ಕಾಡುಕುರಿ, ನವಿಲು, ಕಾಡುಕೋಳಿ ಒಂದೊಂದೂ ತನ್ನದೇ ದನಿಯಲ್ಲಿ ಕೂಗಿ ಉಳಿದವುಗಳನ್ನು ಎಚ್ಚರಿಸುತ್ತದೆ. ಆ ಕೂಗು ಯಾವ ಕಡೆಯಿಂದ ಬಂದಿತು, ಯಾವ ಕಡೆಗೆ ಸಾಗಿತು ಎಂಬುದನ್ನು ಗಮನಿಸಿದರೆ, ಕಣ್ಣಿಗೆ ಕಾಣದ ಹುಲಿಯ ದಾರಿಯನ್ನು ಕಿವಿಯಿಂದಲೇ ಹಿಡಿಯಬಹುದು. ಜಿಮ್ ಈ ದನಿಗಳನ್ನು ಅರಿತುದಷ್ಟೇ ಅಲ್ಲ, ಅವುಗಳನ್ನು ತಾನೇ ಹೊರಡಿಸಲೂ ಕಲಿತನು. ನೆಲದ ಮೇಲಿನ ಹೆಜ್ಜೆಗುರುತಿನಿಂದ ಪ್ರಾಣಿ ಯಾವುದು, ನಿಧಾನವಾಗಿ ನಡೆಯಿತೋ ಹೆದರಿ ಓಡಿತೋ, ಹೋಗಿ ಎಷ್ಟು ಹೊತ್ತಾಯಿತು ಎಂಬುದನ್ನು ಹೇಳಬಲ್ಲವನಾದನು.

ಒಂದು ದಿನ ಅವನು ತನ್ನ ಮುರುಕು ಕೋವಿಯನ್ನು ಹಿಡಿದು ಕಾಡುಕೋಳಿಗಳನ್ನು ಹುಡುಕುತ್ತಿದ್ದನು. ಎದುರಿನ ಪೊದೆ ಅಲುಗಿತು. ಅದರ ಆಚೆಯಿಂದ ಹುಲಿಯೊಂದು ಹೊರಬಂದು ನಿಂತು, ಹುಡುಗನನ್ನು ಒಮ್ಮೆ ನೋಡಿ, ತನ್ನ ಪಾಡಿಗೆ ತಾನು ಹೊರಟುಹೋಯಿತು. ತನ್ನನ್ನು ಕೆಣಕದವರನ್ನು ಹುಲಿ ಸುಮ್ಮನೆ ಕೊಲ್ಲುವುದಿಲ್ಲವೆಂಬ ಪಾಠವನ್ನು ಅವನು ಅಂದು ಕಲಿತನು. ಕಾಡಿನಲ್ಲಿ ಒಂಟಿಯಾಗಿ, ಸಣ್ಣ ಬೆಂಕಿಯ ಬಳಿ ಮಲಗಿ ಎಷ್ಟೋ ರಾತ್ರಿಗಳನ್ನು ಕಳೆಯುವ ಧೈರ್ಯ ಅವನಿಗೆ ಬಂದುದು ಇಂತಹ ಅನುಭವಗಳಿಂದಲೇ.

ಮನೆಯ ಬಡತನದಿಂದಾಗಿ ಅವನ ಓದು ಬೇಗನೆ ಮುಗಿಯಿತು. ಹರೆಯದಲ್ಲಿಯೇ ಕಾರ್ಬೆಟ್ಟರು ರೈಲ್ವೆಯ ಕೆಲಸಕ್ಕೆ ಸೇರಿದರು. ಅಂದು ಎಂಜಿನುಗಳಿಗೆ ಸೌದೆಯೇ ಉರುವಲು. ಕಾಡಿನ ನಡುವೆ ಡೇರೆ ಹೂಡಿ, ಕೂಲಿಗಳಿಂದ ಮರ ಕಡಿಸಿ ಸೌದೆ ಒದಗಿಸುವುದು ಅವರ ಹೊಣೆ. ಮರಗಳು ಉರುಳಿದಂತೆಲ್ಲ ಹಕ್ಕಿಗಳ ಗೂಡುಗಳು ಚೆದುರಿದವು; ಕಾಡುಮೃಗಗಳ ಎಳೆಯ ಮರಿಗಳು ತಬ್ಬಲಿಗಳಾದವು. ಸಂಬಳಕ್ಕಾಗಿ ಮಾಡುವ ಕೆಲಸದಿಂದಲೇ ಇಷ್ಟು ಜೀವಗಳು ನೆಲೆಗೆಡುತ್ತಿರುವುದನ್ನು ಕಂಡು ಕಾರ್ಬೆಟ್ಟರ ಮನಸ್ಸು ಕಲಕಿತು. ಕೆಲಸವನ್ನು ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ತಬ್ಬಲಿಗಳನ್ನು ಸಾಕುವುದು ಅವರ ಕೈಯಲ್ಲಿತ್ತು. ಗೌಜಲಹಕ್ಕಿಯ ಮರಿಗಳು, ನವಿಲಿನ ಮರಿಗಳು, ಮೊಲದ ಮರಿಗಳು, ನಿಲ್ಲಲೂ ತ್ರಾಣವಿಲ್ಲದ ಎರಡು ಕೊಂಡುಕುರಿ ಮರಿಗಳು ಅವರ ಡೇರೆಗೆ ಬಂದವು. ಒಂದು ರಾತ್ರಿ ಲಾಂದ್ರದ ಬೆಳಕಿನಲ್ಲಿ ಹಾಲು ಕುಡಿಸುತ್ತಿರುವಾಗ ಹುಲ್ಲಿನ ಹಾಸಿನಲ್ಲಿ ಏನೋ ಮಿರುಗಿದಂತಾಯಿತು. ನೋಡಿದರೆ ಹೆಬ್ಬಾವು! ಗಾಬರಿಯಿಂದ ಮರಿಗಳನ್ನು ಎಣಿಸಿದರು, ಒಂದೂ ಕಡಿಮೆಯಾಗಿರಲಿಲ್ಲ. ಹಾವನ್ನು ಕೊಲ್ಲದೆ ಹಾಗೆಯೇ ಬಿಟ್ಟು ಅದಕ್ಕೆ ರೆಕ್ಸ್ ಎಂದು ಹೆಸರಿಟ್ಟರು. ಅದು ಹಗಲು ಬಿಸಿಲು ಕಾಯಿಸಿಕೊಂಡು ಸಂಜೆಗೆ ತನ್ನ ಮೂಲೆಗೆ ಮರಳುತ್ತಿತ್ತು. ಆ ಡೇರೆಯಲ್ಲಿದ್ದ ಯಾವ ಜೀವಿಗೂ ಅದು ಕೇಡು ಮಾಡಲಿಲ್ಲ.

ಮರಿಗಳು ಬಲಿತಂತೆ ಒಂದೊಂದೂ ಕಾಡಿಗೆ ಮರಳಿತು. ಒಂದು ಕೊಂಡುಕುರಿ ಮಾತ್ರ ಕಾರ್ಬೆಟ್ಟರನ್ನು ಬಿಟ್ಟು ಹೋಗಲಿಲ್ಲ. ಮನುಷ್ಯರ ಕೈಯಲ್ಲಿ ಬೆಳೆದ ಅದಕ್ಕೆ ಮನುಷ್ಯರ ಭಯವೇ ಇರಲಿಲ್ಲ. ಒಮ್ಮೆ ಅದು ಹೊಲದಲ್ಲಿ ದುಡಿಯುತ್ತಿದ್ದ ರೈತನೊಬ್ಬನ ಬಳಿಗೆ ಹೋಯಿತು. ಕಾಡಿನಿಂದ ಬಂದ ಪ್ರಾಣಿಯೆಂದು ತಿಳಿದ ಅವನು ಕೋಲಿನಿಂದ ಹೊಡೆದು ಬೆನ್ನಟ್ಟಿದನು. ಅದರ ಮುಂಗಾಲುಗಳೆರಡೂ ಮುರಿದವು. ಅದು ಡೇರೆಯನ್ನು ಹೊಕ್ಕಾಗಲೇ ಅವನಿಗೆ ತನ್ನ ತಪ್ಪು ತಿಳಿದುದು. ಸಾಹೇಬರು ಬರುವ ಮೊದಲು ಹೊರಟುಹೋಗೆಂದು ಸೇವಕನು ಹೇಳಿದರೂ ಅವನು ಹೋಗಲಿಲ್ಲ. ಕಾರ್ಬೆಟ್ಟರು ಬಂದಾಗ ನಡೆದುದನ್ನೆಲ್ಲ ಒಪ್ಪಿಕೊಂಡನು. ಮರುದಿನ ಬೆಳಗಾಗುತ್ತಲೇ ತನ್ನ ಹಳ್ಳಿಯಿಂದ ಮೂಳೆ ಕೂಡಿಸುವ ಮುದುಕನೊಬ್ಬನನ್ನು ಕರೆತಂದನು. ಹರಕು ಬಟ್ಟೆಯ ಆ ಬಡವನು ಹಸಿರು ಲೇಪವನ್ನು ಹಚ್ಚಿ, ಹರಳೆಲೆ ಸುತ್ತಿ, ಸೆಣಬಿನ ದಂಟುಗಳನ್ನಿಟ್ಟು ಕಾಲುಗಳನ್ನು ಕಟ್ಟಿದನು. ಮುರಿದ ಕಾಲುಗಳು ಕೂಡಿಕೊಂಡವು. ಪ್ರೀತಿಯಿಂದ ಸಾಕಿದರೆ ಸಾಲದು, ಕಾಡಿನ ಪ್ರಾಣಿಯನ್ನು ಮನುಷ್ಯನಿಗೆ ಹತ್ತಿರ ತಂದರೆ ಅದಕ್ಕೇ ಅಪಾಯವಾಗಬಹುದು ಎಂಬುದನ್ನು ಈ ಪ್ರಸಂಗವು ತೋರಿಸುತ್ತದೆ. ಸಿರಿತನವಿಲ್ಲದವರಲ್ಲಿಯೂ ಎಂತಹ ವಿದ್ಯೆ, ಎಂತಹ ಪ್ರಾಮಾಣಿಕತೆ ಇರುವುದೆಂಬುದನ್ನೂ ಅದು ತೋರಿಸುತ್ತದೆ.

ಮುಂದೆ ಕಾರ್ಬೆಟ್ಟರು ಗಂಗಾನದಿಯ ದಡದ ಮೊಕಾಮೆ ಘಾಟ್‌ನಲ್ಲಿ ಸುಮಾರು ಇಪ್ಪತ್ತು ವರ್ಷ ಸರಕು ಸಾಗಣೆಯ ಹೊಣೆ ಹೊತ್ತರು. ಬಿಡುವಿನಲ್ಲಿ ಕುಮಾವೂಂಗೆ ಬಂದಾಗ ಅವರಿಗೆ ಬೇರೊಂದು ಕರ್ತವ್ಯ ಕಾದಿರುತ್ತಿತ್ತು. ಚಂಪಾವತ್ ಪ್ರದೇಶದಲ್ಲಿ ಹೆಣ್ಣು ಹುಲಿಯೊಂದು ನರಭಕ್ಷಕಿಯಾಗಿ, ನೇಪಾಳದಲ್ಲಿ ಕೊಂದವರೂ ಸೇರಿ 436 ಜನರನ್ನು ಬಲಿ ತೆಗೆದುಕೊಂಡಿತ್ತು. ಹೆಂಗಸರು ಸೌದೆಗೆ ಹೋಗದಾದರು; ರೈತರು ಹೊಲಕ್ಕೆ ಹೋಗದಾದರು. ಕಾರ್ಬೆಟ್ಟರು ಎರಡು ಷರತ್ತುಗಳ ಮೇಲೆ ಆ ಕೆಲಸವನ್ನು ಒಪ್ಪಿಕೊಂಡರು: ಹುಲಿಯ ತಲೆಗೆ ಸರ್ಕಾರ ಇಟ್ಟಿದ್ದ ಬಹುಮಾನವನ್ನು ರದ್ದುಪಡಿಸಬೇಕು, ಬೇರೆ ಬೇಟೆಗಾರರನ್ನು ಹಿಂದಕ್ಕೆ ಕರೆಸಬೇಕು. ಹಣಕ್ಕಾಗಿ ಕೊಲ್ಲುವವನೆಂಬ ಹೆಸರು ಅವರಿಗೆ ಬೇಡವಾಗಿತ್ತು. 1907ರಲ್ಲಿ ಆ ಹುಲಿ ಅವರ ಗುಂಡಿಗೆ ಉರುಳಿತು. 1918ರಿಂದ 1926ರವರೆಗೆ ಕೇದಾರ ಬದರಿಗಳ ಯಾತ್ರಿಕರನ್ನು ನಡುಗಿಸಿ, ಸರ್ಕಾರಿ ಲೆಕ್ಕದಂತೆ 125 ಜನರನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆಯೂ ಅವರಿಂದಲೇ ಕೊನೆಗೊಂಡಿತು.

ಕೊಂದ ಮೇಲೆ ಕಾರ್ಬೆಟ್ಟರು ಮಾಡುತ್ತಿದ್ದ ಕೆಲಸವು ಅವರನ್ನು ಇತರ ಬೇಟೆಗಾರರಿಂದ ಬೇರೆಯಾಗಿಸುತ್ತದೆ. ಈ ಪ್ರಾಣಿ ಏಕೆ ಮನುಷ್ಯನನ್ನು ತಿನ್ನತೊಡಗಿತು ಎಂದು ಅವರು ಅದರ ದೇಹವನ್ನು ಪರೀಕ್ಷಿಸುತ್ತಿದ್ದರು. ಚಂಪಾವತದ ಹುಲಿಯ ಬಲಗಡೆಯ ಕೋರೆಹಲ್ಲುಗಳು ಯಾರದೋ ಹಳೆಯ ಗುಂಡೇಟಿನಿಂದ ಮುರಿದಿದ್ದವು. ಮುಕ್ತೇಸರದ ಹುಲಿ ಮುಳ್ಳುಹಂದಿಯೊಡನೆ ಸೆಣಸಿ ಒಂದು ಕಣ್ಣನ್ನು ಕಳೆದುಕೊಂಡಿತ್ತು. ಅದರ ಮೈಯಲ್ಲಿ ಐವತ್ತರಷ್ಟು ಮುಳ್ಳುಗಳು ನಾಟಿದ್ದವು. ಗಾಯದಿಂದಲೋ ಮುಪ್ಪಿನಿಂದಲೋ ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದ ಹುಲಿಯೇ ನರಭಕ್ಷಕನಾಗುವುದೆಂದು ಅವರು ಕಂಡುಕೊಂಡರು. ಚಿರತೆಯ ಮಾತು ಬೇರೆ. ಸಾಂಕ್ರಾಮಿಕ ರೋಗಗಳು ಹಬ್ಬಿದಾಗ ಸುಡಲು ಆಳುಗಳಿಲ್ಲದೆ ಜನರು ಹೆಣಗಳನ್ನು ಕಣಿವೆಗಳಿಗೆ ತಳ್ಳುತ್ತಿದ್ದರು. ಅವನ್ನು ತಿಂದು ರುಚಿ ಕಂಡ ಚಿರತೆ ರೋಗ ಅಡಗಿದ ಮೇಲೆ ಊರೊಳಕ್ಕೆ ನುಗ್ಗುತ್ತಿತ್ತು. ಹೀಗೆ ಅಪರಾಧದ ಬೇರನ್ನು ಹುಡುಕುತ್ತ ಹೋದರೆ ಅದು ಅನೇಕ ವೇಳೆ ಮನುಷ್ಯನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಕಾರ್ಬೆಟ್ಟರಿಗೆ ಮದುವೆಯಾಗಲಿಲ್ಲ. ಅಕ್ಕ ಮ್ಯಾಗಿಯೇ ಅವರ ಮನೆಯನ್ನು ನೋಡಿಕೊಂಡರು. ಕಾಡಿನಲ್ಲಿ ಅವರ ಸಂಗಾತಿಯಾಗಿದ್ದುದು ಸ್ಪ್ಯಾನಿಯಲ್ ಜಾತಿಯ ನಾಯಿಯೊಂದು. ಬುಟ್ಟಿಯಲ್ಲಿದ್ದ ಏಳು ಮರಿಗಳಲ್ಲಿ ಅದೇ ಅತ್ಯಂತ ಚಿಕ್ಕದು, ಬಡಕಲು. ಅದನ್ನೇ ಆರಿಸಿ ಹದಿನೈದು ರೂಪಾಯಿಗೆ ಕೊಂಡು, ಬಾಲ್ಯದಲ್ಲಿ ತಮ್ಮನ್ನು ಕರಡಿಯಿಂದ ಉಳಿಸಿದ ನಾಯಿಯ ನೆನಪಿಗಾಗಿ ರಾಬಿನ್ ಎಂದು ಕರೆದರು. ಹೊತ್ತುಹೊತ್ತಿಗೆ ಆಹಾರ ದೊರೆತುದೇ ತಡ, ಒಣನೆಲಕ್ಕೆ ಮಳೆ ಬಿದ್ದಂತೆ ಆ ಮರಿ ಚೇತರಿಸಿಕೊಂಡಿತು. ಮೊದಮೊದಲು ಸ್ವಲ್ಪ ದೂರದಲ್ಲಿ ಗುಂಡು ಹಾರಿಸಿ, ಕೋವಿಯ ಸದ್ದಿಗೆ ಅದು ಬೆದರದಂತೆ ಮೆಲ್ಲಮೆಲ್ಲನೆ ಅಭ್ಯಾಸ ಮಾಡಿಸಿದರು.

ಒಮ್ಮೆ ಗಾಯಗೊಂಡ ಚಿರತೆಯೊಂದರ ಜಾಡನ್ನು ಇಬ್ಬರೂ ಹಿಡಿದು ಹೊರಟಿದ್ದರು. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟು ಬರುವುದು ಕಾರ್ಬೆಟ್ಟರಿಗೆ ಒಪ್ಪಿಗೆಯಾಗದ ನಡತೆ. ಪೊದೆಯ ಬಳಿ ಹಠಾತ್ತಾಗಿ ಚಿರತೆಯ ಭೀಕರ ಗರ್ಜನೆ ಕೇಳಿಬಂದಿತು. ರಾಬಿನ್ ಸದ್ದಿಲ್ಲದೆ ಹಿಂದಕ್ಕೆ ಓಡಿಹೋಯಿತು. ಕಾರ್ಬೆಟ್ಟರ ಕಾಲುಗಳು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟವು. ಒಬ್ಬರು ಓಡಿದುದೂ ಇನ್ನೊಬ್ಬರು ನಿಂತುದೂ ಒಂದೇ ಭಯದಿಂದ ಎಂದು ಅವರು ಬಲ್ಲರು. ಆದುದರಿಂದ ನಾಯಿಯನ್ನು ಗದರಿಸಲಿಲ್ಲ. ಅದನ್ನು ಬಳಿಗೆ ಕರೆದು, ತಪ್ಪು ಅದರದಲ್ಲವೆಂದು ಮನಗಾಣಿಸಿ, ಮೈಯ ನಡುಕ ನಿಲ್ಲುವವರೆಗೆ ಸವರಿ ಸಮಾಧಾನಗೊಳಿಸಿದರು. ಆಮೇಲೆ ಇಬ್ಬರೂ ಮತ್ತೆ ಅದೇ ಜಾಡಿನಲ್ಲಿ ಮುಂದುವರಿದರು. ಹುಲಿಗೂ ಅಂಜದ ವೀರರೆಂದು ಲೋಕ ಹೊಗಳುತ್ತಿದ್ದ ಕಾಲದಲ್ಲಿ ತಮ್ಮ ಭಯವನ್ನು ಮುಚ್ಚಿಡದೆ ಬರೆದುಕೊಂಡುದು ಅವರ ದೊಡ್ಡತನ. ರಾಬಿನ್ ಸತ್ತಾಗ, ಅಂತಹ ನಿಷ್ಠೆಯ ಗೆಳೆಯನು ಮನುಷ್ಯನಿಗೆ ಮತ್ತೊಬ್ಬನಿಲ್ಲವೆಂದೂ ಅದು ಪರಲೋಕದಲ್ಲಿ ತಮಗಾಗಿ ಕಾದಿರುವುದೆಂದೂ ಅವರು ನಂಬಿದರು.

ಕಾರ್ಬೆಟ್ಟರು ನರಭಕ್ಷಕಗಳನ್ನು ಮಾತ್ರ ಕೊಂದರೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಆ ಕಾಲದವರಂತೆ ಅವರೂ ವಿನೋದಕ್ಕಾಗಿ ಬೇಟೆಯಾಡಿದರು. ಯಾರಿಗೂ ಕೇಡೆಣಿಸದಿದ್ದ ಪೋವಲ್‌ಗಢದ ಭಾರಿ ಹುಲಿಯನ್ನು 1930ರಲ್ಲಿ ಹೊಡೆದವರು ಅವರೇ. ಆದರೆ ಅವರ ಮನಸ್ಸು ಕ್ರಮೇಣ ಬೇರೆ ದಿಕ್ಕಿಗೆ ಹೊರಳಿತು. ಕೋವಿ ಹಿಡಿದ ಕೈ ಛಾಯಾಚಿತ್ರದ ಯಂತ್ರವನ್ನು ಹಿಡಿಯಿತು. ಕೊಂದ ಪ್ರಾಣಿಯ ಚರ್ಮವು ಕಾಲ ಕಳೆದಂತೆ ಮಾಸುತ್ತದೆ, ಅದರ ಸಂತೋಷ ಒಬ್ಬನಿಗೆ ಮಾತ್ರ. ಒಳ್ಳೆಯ ಚಿತ್ರವಾದರೋ ಎಲ್ಲರಿಗೂ ಸಂತೋಷ ಕೊಡುತ್ತದೆ, ಪ್ರಾಣಿಯೂ ಉಳಿಯುತ್ತದೆ ಎಂಬುದು ಅವರ ಅನುಭವ. ಯಂತ್ರದ ಸದ್ದು ಹುಲಿಗೆ ಕೇಳಿಸದಿರಲೆಂದು ಸಣ್ಣ ತೊರೆಗೆ ಒಡ್ಡು ಕಟ್ಟಿ, ನೀರು ಧುಮುಕುವ ಸದ್ದನ್ನು ಉಂಟುಮಾಡಿ, ತಿಂಗಳುಗಟ್ಟಲೆ ತಾಳ್ಮೆಯಿಂದ ಕಾದು ಏಳು ಹುಲಿಗಳ ಚಲನಚಿತ್ರವನ್ನು ತೆಗೆದರು. ಶಾಲೆಗಳಿಗೆ ಹೋಗಿ ಹಕ್ಕಿ ಮೃಗಗಳ ಕೂಗನ್ನು ಅನುಕರಿಸಿ ಮಕ್ಕಳಿಗೆ ಕಾಡಿನ ಪರಿಚಯ ಮಾಡಿಕೊಟ್ಟರು. 1936ರಲ್ಲಿ ರಾಮಗಂಗಾ ನದಿಯ ಕಣಿವೆಯಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಗುವುದರಲ್ಲಿ ಅವರ ಪಾತ್ರವೂ ಇದ್ದಿತು. ಹಿಂದಿನ ಗವರ್ನರರ ನೆನಪಿಗೆ ಅದಕ್ಕೆ ಹೇಲಿ ಉದ್ಯಾನವೆಂದು ಹೆಸರಿಟ್ಟರು.

1947ರ ಕೊನೆಯಲ್ಲಿ ಕಾರ್ಬೆಟ್ಟರು ಅಕ್ಕನೊಡನೆ ಆಫ್ರಿಕದ ಕೀನ್ಯಾಕ್ಕೆ ತೆರಳಿ ನ್ಯೇರಿ ಎಂಬ ಊರಿನಲ್ಲಿ ನೆಲಸಿದರು. ಅಲ್ಲಿದ್ದುಕೊಂಡು ಬರೆದುದೆಲ್ಲ ಬಹುಮಟ್ಟಿಗೆ ತಾವು ಬಿಟ್ಟುಬಂದ ನಾಡಿನ ನೆನಪುಗಳೇ. 1944ರಲ್ಲಿ ಪ್ರಕಟವಾಗಿದ್ದ ಕುಮಾವೂಂ ನರಭಕ್ಷಕಗಳ ಪುಸ್ತಕದಂತೆ ಅವರ ಇತರ ಪುಸ್ತಕಗಳನ್ನೂ ಜಗತ್ತು ಆದರದಿಂದ ಓದಿತು. ರುದ್ರಪ್ರಯಾಗದ ಚಿರತೆಯ ಕಥೆಯನ್ನು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. 1955ರ ಏಪ್ರಿಲ್ 19ರಂದು ಕಾರ್ಬೆಟ್ಟರು ನ್ಯೇರಿಯಲ್ಲಿ ನಿಧನ ಹೊಂದಿದರು. ಸ್ವತಂತ್ರ ಭಾರತವು ರಾಮಗಂಗಾ ಕಣಿವೆಯ ಉದ್ಯಾನಕ್ಕೆ ಅವರ ಹೆಸರನ್ನಿಟ್ಟು ಗೌರವಿಸಿತು. 1973ರಲ್ಲಿ ಹುಲಿಗಳ ರಕ್ಷಣೆಯ ಯೋಜನೆ ಆರಂಭವಾದುದೂ ಅದೇ ಉದ್ಯಾನದಲ್ಲಿ. ಮೊದಲು ಆರಿಸಿದ ಒಂಬತ್ತು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕಾಲಾಧೂಂಗಿಯ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಮನೆಯ ನಾಯಿಮರಿಯ ಮೈಯ ನಡುಕವನ್ನು ಅರಿತ ಮನಸ್ಸೇ ಕಾಡಿನ ಹುಲಿಯ ನೋವನ್ನೂ ಅರಿಯಿತು. ನಮ್ಮನ್ನು ನಂಬಿ ಬಂದ ಪ್ರಾಣಿಗೆ ಅನ್ನ, ನೆರಳು, ತಾಳ್ಮೆಗಳನ್ನು ಕೊಡುವುದು ಒಂದು ಧರ್ಮ. ನಮ್ಮ ಹಂಗಿಲ್ಲದೆ ಬಾಳುವ ಪ್ರಾಣಿಗೆ ಅದರ ಕಾಡನ್ನು ಬಿಟ್ಟುಕೊಡುವುದು ಇನ್ನೊಂದು ಧರ್ಮ. ಮೊದಲನೆಯದನ್ನು ಕಾರ್ಬೆಟ್ಟರು ಬಾಲ್ಯದಲ್ಲಿಯೇ ಕಲಿತರು. ಎರಡನೆಯದನ್ನು ಕಲಿಯಲು ಅವರಿಗೆ ಅರ್ಧ ಆಯುಸ್ಸು ಬೇಕಾಯಿತು. ಕಲಿತ ಮೇಲೆ ಅದನ್ನು ಇತರರಿಗೂ ತಿಳಿಸಿಕೊಡಲು ಉಳಿದ ಆಯುಸ್ಸನ್ನು ಅವರು ಸವೆಸಿದರು.