ಉಬ್ಬರವನ್ನು ಹಲ್ಲುಚಕ್ರಕ್ಕೆ ಇಳಿಸಿದ ಕೆಲ್ವಿನ್

ಮುಂಬೈಗೆ ಬಂದ ಹೊಸತರಲ್ಲಿ ನನಗೆ ವಿಚಿತ್ರ ಎನಿಸಿದ್ದು ಮಳೆಗಾಲದ ‘ಹೈ ಟೈಡ್’ ಪಟ್ಟಿ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಸಮುದ್ರ ಎಷ್ಟು ಮೀಟರ್ ಏರುತ್ತದೆ ಎಂಬುದೆಲ್ಲ ಮೊದಲೇ ಅಚ್ಚಾಗಿರುತ್ತದೆ. ನಾಳೆಯ ಮಳೆಯನ್ನೇ ಖಚಿತವಾಗಿ ಹೇಳಲಾಗದಿರುವಾಗ ಕಡಲಿನ ಬಗ್ಗೆ ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತಾರೆ? 2005ರ ಜುಲೈ 26ರಂದು 944 ಮಿ.ಮೀ. ಮಳೆ ಸುರಿದಾಗ ಕಡಲೂ ಉಬ್ಬರದಲ್ಲಿತ್ತು, ಊರಿನ ನೀರಿಗೆ ಹೋಗಲು ದಾರಿಯಿರಲಿಲ್ಲ. ಅಂದಿನಿಂದ ಈ ಪಟ್ಟಿಯನ್ನು ಇಲ್ಲಿ ಯಾರೂ ಹಗುರವಾಗಿ ನೋಡುವುದಿಲ್ಲ. ಅದರ ಹಿಂದಿರುವ ಮುಖ್ಯ ಹೆಸರು ವಿಲಿಯಂ ಥಾಮ್ಸನ್. ಶಾಲೆಯಲ್ಲಿ ತಾಪಮಾನದ ಪಾಠದಲ್ಲಿ ನಾವು ಓದಿದ ಕೆಲ್ವಿನ್ ಅವರೇ.

1824ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಹುಡುಗ ಆರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ. ಗಣಿತದ ಮೇಷ್ಟ್ರಾಗಿದ್ದ ತಂದೆಗೆ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು, ಮನೆಯೂ ಅಲ್ಲಿಗೆ ಹೋಯಿತು. ವಿಲಿಯಂ ಹತ್ತನೇ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದ. ಹದಿಹರೆಯದಲ್ಲಿ ಅವನ ಕೈಗೆ ಫ್ರೆಂಚ್ ಗಣಿತಜ್ಞ ಫೂರಿಯೆ ಬರೆದ, ಶಾಖದ ಕುರಿತ ಪುಸ್ತಕ ಸಿಕ್ಕಿತು. ಎಂಥ ಅಂಕುಡೊಂಕಿನ ಏರಿಳಿತವನ್ನೂ ಕ್ರಮಬದ್ಧವಾದ ಹಲವು ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು ಎಂಬುದು ಅದರ ತಿರುಳು. ಈ ವಿದ್ಯೆ ಮುಂದೆ ಕಡಲಿಗೆ ಬಳಕೆಯಾಗುವುದೆಂದು ಆಗ ಅವನಿಗೆ ಗೊತ್ತಿರಲಿಲ್ಲ.

22ನೇ ವಯಸ್ಸಿಗೆ ಥಾಮ್ಸನ್ ಗ್ಲಾಸ್ಗೋದಲ್ಲೇ ಪ್ರಾಧ್ಯಾಪಕರಾದರು. 53 ವರ್ಷ ಆ ಹುದ್ದೆ ಬಿಡಲಿಲ್ಲ. ಅಟ್ಲಾಂಟಿಕ್ ತಳದಲ್ಲಿ ತಂತಿ ಎಳೆಯುವ ಕೆಲಸಕ್ಕಾಗಿ ಹಡಗು ಹತ್ತಿದರು. 1866ರಲ್ಲಿ ತಂತಿ ನಿಂತಿತು, ‘ಸರ್’ ಪದವಿ ಬಂತು. ಬಹಳ ಕಾಲ ಕಾಯಿಲೆಯಲ್ಲಿದ್ದ ಪತ್ನಿ ಮಾರ್ಗರೆಟ್ 1870ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅದೇ ವರ್ಷ ‘ಲಲ್ಲಾ ರೂಖ್’ ಎಂಬ ಹಾಯಿಹಡಗು ಕೊಂಡರು. ದುಃಖ ಮರೆಯಲೆಂದೇ ಕೊಂಡರೋ ಏನೋ, ಆಮೇಲೆ ಅವರ ಬುದ್ಧಿಯೆಲ್ಲ ದಿಕ್ಸೂಚಿ, ಆಳ ಅಳೆಯುವ ಯಂತ್ರ, ಉಬ್ಬರ ಇಳಿತ ಎಂದು ನೀರಿನ ಸುತ್ತಲೇ ತಿರುಗಿತು.

ಉಬ್ಬರ ಯಾಕೆ ಬರುತ್ತದೆ ಎಂಬುದನ್ನು ನ್ಯೂಟನ್ ಆಗಲೇ ಹೇಳಿಯಾಗಿತ್ತು. ಚಂದ್ರ ತನ್ನ ಕಡೆಗಿರುವ ನೀರನ್ನು ಭೂಮಿಯ ನಡುಭಾಗಕ್ಕಿಂತ ತುಸು ಹೆಚ್ಚು, ಆಚೆ ಬದಿಯ ನೀರನ್ನು ತುಸು ಕಡಿಮೆ ಸೆಳೆಯುತ್ತಾನೆ. ಆದ್ದರಿಂದ ಎರಡೂ ಬದಿ ಉಬ್ಬು. ಭೂಮಿಯನ್ನು ಒಟ್ಟಾರೆ ಹೆಚ್ಚು ಬಲವಾಗಿ ಎಳೆಯುವವನು ಸೂರ್ಯನೇ. ಆದರೆ ಅವನು ಬಹು ದೂರದಲ್ಲಿರುವುದರಿಂದ ಎರಡು ಬದಿಗಳ ಸೆಳೆತದ ವ್ಯತ್ಯಾಸ ಸಣ್ಣದು, ಉಬ್ಬರದಲ್ಲಿ ಅವನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಕೈಜೋಡಿಸುತ್ತಾರೆ, ಅಷ್ಟಮಿಯ ಹೊತ್ತಿಗೆ ಅಡ್ಡಡ್ಡ ಎಳೆಯುತ್ತಾರೆ. ಕರಾವಳಿಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಆದರೆ ಬಂದರಿನವರಿಗೆ ಬೇಕಿದ್ದದ್ದು ಗಂಟೆ, ನಿಮಿಷ, ಅಡಿ. ದಡದ ಆಕಾರ, ನೀರಿನ ಆಳ, ಕೊಲ್ಲಿಯ ಅಗಲ ಎಲ್ಲ ಸೇರಿ ಪ್ರತಿ ಊರಿನ ಉಬ್ಬರವೂ ಬೇರೆ. ಅದನ್ನೆಲ್ಲ ಸಿದ್ಧಾಂತದಿಂದ ಲೆಕ್ಕ ಹಾಕುವುದು ಆಗದ ಮಾತು. ಥಾಮ್ಸನ್ 1860ರ ದಶಕದ ಕೊನೆಯಲ್ಲಿ ಬೇರೆ ದಾರಿ ಹಿಡಿದರು. ಅಲೆಗಳ ಅವಧಿಯನ್ನು ಆಕಾಶದಿಂದ ತೆಗೆದುಕೊಳ್ಳಿ: ಚಂದ್ರನದು ಸುಮಾರು 12 ಗಂಟೆ 25 ನಿಮಿಷ, ಸೂರ್ಯನದು 12 ಗಂಟೆ, ಚಂದ್ರ ಹತ್ತಿರ ಬಂದು ದೂರ ಹೋಗುವುದಕ್ಕೆ ಇನ್ನೊಂದು, ಹೀಗೆ. ಯಾವ ಅಲೆ ಎಷ್ಟು ದೊಡ್ಡದು, ಎಷ್ಟು ತಡ ಎಂಬುದನ್ನು ಆಯಾ ಬಂದರಿನ ಅಳತೆಯೇ ಹೇಳಲಿ. ಹುಡುಗನಾಗಿದ್ದಾಗ ಓದಿದ ಫೂರಿಯೆ ಇಲ್ಲಿ ಕೈಹಿಡಿದ.

ಬಿಡಿಸಿದ್ದನ್ನು ಮತ್ತೆ ಕೂಡಿಸುವುದೇ ಕಷ್ಟ. ವರ್ಷವಿಡೀ ಕೂತು ಲೆಕ್ಕ ಬರೆಯಬೇಕು. 1872ರಲ್ಲಿ ಬ್ರೈಟನ್‌ಗೆ ಹೋಗುವ ರೈಲಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರ್ ಸಿಕ್ಕರು. ಹಲವು ರಾಟೆಗಳ ಮೇಲೆ ಕೆಳಗೆ ಒಂದೇ ಸರಪಳಿ ಹಾಯಿಸಿದರೆ ಎಲ್ಲದರ ಚಲನೆಯೂ ಕೂಡುತ್ತದಲ್ಲ ಎಂದು ಅವರು ಸೂಚಿಸಿದರು. ಹಾಗೆ ಹುಟ್ಟಿದ ಯಂತ್ರದಲ್ಲಿ ಹತ್ತು ರಾಟೆ, ಒಂದೊಂದು ಅಲೆಗೆ ಒಂದೊಂದು. ಹಿಡಿ ತಿರುಗಿಸಿದರೆ ದಾರದ ತುದಿಯ ಲೇಖನಿ ಕಾಗದದ ಮೇಲೆ ಉಬ್ಬರ ಬರೆಯುತ್ತಿತ್ತು. ಒಂದು ವರ್ಷದ ಉಬ್ಬರಕ್ಕೆ ಸುಮಾರು ನಾಲ್ಕು ಗಂಟೆ.

ಹಲ್ಲುಗಳ ಲೆಕ್ಕ ಹಾಕಿದವರು ಎಡ್ವರ್ಡ್ ರಾಬರ್ಟ್ಸ್. 1879ರಲ್ಲಿ ಭಾರತದ ಬಂದರುಗಳಿಗಾಗಿ 20 ಅಲೆಗಳ ದೊಡ್ಡ ಯಂತ್ರ ಲಂಡನ್ನಿನಲ್ಲಿ ತಯಾರಾಯಿತು, ಅವರ ಉಸ್ತುವಾರಿಯಲ್ಲೇ. ಮುಂಬೈಯ ಅಪೋಲೊ ಬಂದರ್‌ನಲ್ಲಿ 1878ರಿಂದಲೇ ಅಳತೆ ಶುರುವಾಗಿತ್ತು. ನಮ್ಮ ಕಾರವಾರದಲ್ಲೂ ಆ ಕಾಲದಲ್ಲಿ ಉಬ್ಬರಮಾಪಕ ಇತ್ತು. ಯಂತ್ರದ ಶ್ರೇಯ ಯಾರದು ಎಂದು ಮುಂದೆ ಥಾಮ್ಸನ್, ರಾಬರ್ಟ್ಸ್ ನಡುವೆ ಬಹಿರಂಗವಾಗಿಯೇ ಜಟಾಪಟಿ ನಡೆಯಿತು. ಇದರಲ್ಲಿ ದೊಡ್ಡವರು ದೊಡ್ಡತನ ತೋರಲಿಲ್ಲ ಎಂದೇ ನನಗನಿಸುತ್ತದೆ.

ಅವರು ಎಡವಿದ್ದೂ ಇದೆ. ಭೂಮಿಯ ವಯಸ್ಸು ಕೆಲವೇ ಕೋಟಿ ವರ್ಷ ಎಂದು ಕೊನೆಯವರೆಗೂ ಪಟ್ಟು ಹಿಡಿದರು, ಅದು ಸುಮಾರು 450 ಕೋಟಿ. 1892ರಲ್ಲಿ ಲಾರ್ಡ್ ಪದವಿ ಬಂದಾಗ ವಿಶ್ವವಿದ್ಯಾಲಯದ ಪಕ್ಕ ಹರಿಯುವ ಕೆಲ್ವಿನ್ ಹೊಳೆಯ ಹೆಸರು ಇಟ್ಟುಕೊಂಡರು. 1907ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ನ್ಯೂಟನ್ ಸಮಾಧಿಯ ಸಮೀಪವೇ ಮಣ್ಣು ಮಾಡಿದರು.

1944ರ ಜೂನ್‌ನಲ್ಲಿ ಮಿತ್ರಪಡೆ ನಾರ್ಮಂಡಿಯಲ್ಲಿ ಇಳಿಯಲು ದಿನ, ಹೊತ್ತು ಆರಿಸಬೇಕಿತ್ತು. ಉಬ್ಬರದ ಲೆಕ್ಕ ನಡೆದದ್ದು ಲಿವರ್‌ಪೂಲ್ ಬಳಿಯ ಬಿಡ್‌ಸ್ಟನ್‌ನಲ್ಲಿ. ಅಲ್ಲಿದ್ದವು ಎರಡು ಯಂತ್ರ: ಒಂದು ಕೆಲ್ವಿನ್ ಹೆಸರಿನ ಕಂಪನಿ ಕಟ್ಟಿದ್ದು, ಇನ್ನೊಂದು ರಾಬರ್ಟ್ಸ್ ಮಾಡಿಸಿದ್ದು. ಬಾಂಬ್ ಬಿದ್ದರೆ ಒಂದಾದರೂ ಉಳಿಯಲಿ ಎಂದು ಅವನ್ನು ಕಟ್ಟಡದ ಎರಡು ತುದಿಗಳಲ್ಲಿ ಇಟ್ಟಿದ್ದರು.